ಗೊತ್ತಿರುವ ದೋಷಗಳು

ಹರಾಜಿನವರ ಅರ್ಜಿಯಲ್ಲಿ ಒಂದು ಖಾನೆ:
ಗೊತ್ತಿರುವ ದೋಷಗಳು, ಮುಚ್ಚಿಡದೆ ಬರೆಯಿರಿ.
ಬರೆಯುತ್ತೇನೆ.

ಇಂಪಾಲಾ, ಅರವತ್ತೈದರ ಸ್ಪೋರ್ಟ್ ಕೂಪೆ.
ಎರಡೇ ಬಾಗಿಲು, ಒಂದೊಂದೂ ನಮ್ಮ ಅಡುಗೆಮನೆಯದಕ್ಕಿಂತ ಅಗಲ.
ದೆಹಲಿಯಲ್ಲಿ ಯಾವುದೋ ರಾಯಭಾರಿ ಬಿಟ್ಟುಹೋದದ್ದನ್ನು
ಬೆಳ್ಯಪ್ಪನವರು ಹರಾಜಿನಲ್ಲೇ ಹಿಡಿದು ತಂದದ್ದು.
ಆಗ ಸುತ್ತಿಗೆ ಇತ್ತು, ಕೂಗುವ ಬಾಯಿ ಇತ್ತು.
ಈಗ ಅಫ್ಸಲನ ಮೊಬೈಲು.

ಮಾರಲು ಕಾರಣ:
ರಸ್ತೆ ಅಗಲ ಮಾಡುವವರು ನಮ್ಮ ಶೆಡ್ಡಿನ ನಟ್ಟನಡುವೆ
ಕೆಂಪು ಗೆರೆ ಎಳೆದು ಹೋಗಿದ್ದಾರೆ.

ಬಲಗಡೆ ಹಿಂಚಕ್ರದ ಮೇಲೆ ತುಕ್ಕು, ಅಂಗೈ ಅಗಲ.
ಗಡಿಯಾರ ಹತ್ತೂಕಾಲಿಗೆ ನಿಂತಿದೆ, ಯಾವ ವರ್ಷವೋ.
ಹಿಂದಿನ ಸೀಟಿನಲ್ಲಿ ಕೋಳಿಯೊಂದು ಎರಡು ಮಳೆಗಾಲ ಕಾವಿಗೆ ಕೂತಿತ್ತು;
ರೆಕ್ಸಿನ್ ಬದಲಿಸಿದ್ದೇವೆ, ಸ್ಪ್ರಿಂಗು ಬದಲಿಸಿಲ್ಲ.

ಎಂಜಿನ್ ಕಂಪನಿಯದ್ದೇ?
ಅಲ್ಲ.
ಪೆಟ್ರೋಲು ಕೈಸುಟ್ಟ ವರ್ಷ, ಎಪ್ಪತ್ತನಾಲ್ಕು,
ನನ್ನ ಬಾಪ, ಮಾದಾಪುರದ ಉಮ್ಮರ್ ಮೇಸ್ತ್ರಿ,
ಹಲಸಿನ ಕೊಂಬೆಗೆ ಚೈನ್‌ಪುಲ್ಲಿ ಕಟ್ಟಿ
ಎಂಟು ಸಿಲಿಂಡರಿನ ಆ ಹೊಟ್ಟೆಬಾಕನನ್ನು ಎತ್ತಿ ಕೆಳಗಿಟ್ಟು
ಪರ್ಕಿನ್ಸ್ ಡೀಸೆಲ್ ಕೂರಿಸಲು ಹೋದ. ಕೂರಲಿಲ್ಲ.
ಅಡ್ಡಪಟ್ಟಿ ಕತ್ತರಿಸಿ, ಬೆಸೆದು, ಕೂರಿಸಿದ.
ಕೂಲಿ ಬಾಕಿ ಬೆಳೆದೂ ಬೆಳೆದೂ
ಕೊನೆಗೆ ಕಾರೇ ನಮ್ಮ ಅಂಗಳದಲ್ಲಿ ಉಳಿಯಿತು.
ಆ ಬೆಸುಗೆಯ ಫೋಟೋ ಹಾಕಿದ್ದೇನೆ, ಹದಿನಾಲ್ಕನೆಯದು:
ಅಕ್ಕಿರೊಟ್ಟಿಯ ಅಂಚಿನಲ್ಲಿ ಬೆರಳು ಒತ್ತಿದ ಹಾಗೆ
ಒಂದರ ಪಕ್ಕ ಒಂದು ಗುಳಿ.
ದೋಷ ಎಂದು ಬರೆದೆ.
ಬರೆದು, ಟೀ ಕುಡಿಯಲು ಎದ್ದುಹೋದೆ.

ಮೂರನೇ ದಿನ ಒಬ್ಬರು, ಹೆಸರಿಲ್ಲ, ಬರೀ ಅಂಕೆ,
ಹಳೆಯ ಎಂಜಿನ್ ಎಲ್ಲಿದೆ, ಜೊತೆಗೆ ಕೊಡುವಿರಾ ಎಂದರು.

ಎಲ್ಲಿದೆ ಎಂದು ಗೊತ್ತು. ಕೊಡಲಾರೆ.
ಬೆಳ್ಯಪ್ಪನವರು ಅದನ್ನು ಹಟ್ಟಿಹೊಳೆಯ ದಡಕ್ಕೆ ಸಾಗಿಸಿ
ಪಂಪಿಗೆ ಜೋಡಿಸಿದರು, ಸೀಮೆಎಣ್ಣೆ ಕುಡಿಸಿದರು.
ಹೂಮಳೆ ಕೈಕೊಟ್ಟ ಮಾರ್ಚಿನಲ್ಲಿ
ಹಗಲೂ ರಾತ್ರಿ ಗುಡುಗಿ ಅದು ಗುಡ್ಡಕ್ಕೆ ನೀರೆತ್ತುತ್ತಿತ್ತು.
ಒಂಬತ್ತನೇ ಬೆಳಿಗ್ಗೆ ರೊಬಸ್ಟಾ ಪೂರ್ತಿ ಬೆಳ್ಳಗೆ,
ಮೂಗಿಗೆ ತಲೆನೋವು ಬರುವಷ್ಟು ಘಮ.
ಯಾವ ಊರಿನ ಯಾವ ಹೆದ್ದಾರಿಗೆಂದು ಎರಕ ಹೊಯ್ದಿದ್ದರೋ.
ಗುಡ್ಡ ಕುಸಿದ ಆ ಆಗಸ್ಟಿನಲ್ಲಿ
ಪಂಪ್‌ಶೆಡ್ಡು ಹೋಯಿತು, ಅದು ನಿಂತಿದ್ದ ದಡವೂ ಹೋಯಿತು.
ನೀವು ಕೇಳುವ ನಂಬರು ಕೆಸರಿನ ಅಡಿ ಇದೆ.

ಅಷ್ಟನ್ನೂ ಬರೆದೆ. ಎರಡು ದಿನ ಯಾರೂ ಬೆಲೆ ಏರಿಸಲಿಲ್ಲ.
ಸಾರಿಗೆ ಎರಡು ಸಲ ಉಪ್ಪು ಹಾಕಿದವಳನ್ನು ನೋಡುವ ಹಾಗೆ
ಅಫ್ಸಲ್ ನನ್ನನ್ನು ನೋಡುತ್ತಿದ್ದ.

ಕೊನೆಯ ರಾತ್ರಿ ಕರೆಂಟಿಲ್ಲ, ಟವರೂ ಸತ್ತಿತ್ತು.
ಇಂಪಾಲಾ ಏರಿ ಮೇಲಿನ ಮೋರಿಯ ತಿರುವಿಗೆ ಹೋದೆವು,
ಅಲ್ಲಿ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೆ.
ಮಾರುವ ಕಾರಿನೊಳಗೆ ಕೂತು ಅದರ ಬೆಲೆ ನೋಡುವುದು,
ಸಂತೆಯಲ್ಲಿ ಆಡಿನ ಬೆನ್ನ ಮೇಲೆ ಕೈಯಿಟ್ಟು ನಿಂತ ಹಾಗೆ:
ಕೈ ತೆಗೆಯಲೂ ಆಗದು, ಇಡಲೂ ಆಗದು.
ಎರಡು ನಿಮಿಷ ಉಳಿದಾಗ ಒಬ್ಬ ಏರಿಸುತ್ತಾನೆ;
ಕೂಡಲೇ ಇನ್ನೆರಡು ನಿಮಿಷ ಹುಟ್ಟುತ್ತದೆ.
ನಲವತ್ತು ನಿಮಿಷವಾದರೂ ಆ ಎರಡು ನಿಮಿಷ ಮುಗಿಯಲಿಲ್ಲ.
ಡ್ಯಾಶ್‌ಬೋರ್ಡಿನಲ್ಲಿ ಹತ್ತೂಕಾಲು.

ರಾಜ್‌ಕೋಟಿನವರು. ಬೆಳಿಗ್ಗೆ ಫೋನು ಮಾಡಿದರು:
ಓಡಿಸಲು ಹೇಗಿದೆ?
ಸ್ಟಿಯರಿಂಗ್ ಎಡಕ್ಕಿದೆ ಎಂದೆ. ಗೊತ್ತು ಎಂದರು.

ಗೊತ್ತಿರಲಾರದು.
ಲಾರಿಯ ಹಿಂದೆ ಬಿದ್ದರೆ ಓಡಿಸುವವರಿಗೆ ಎದುರಿನ ರಸ್ತೆ ಕಾಣದು.
ಆರು ವರ್ಷದವಳು ನಾನು, ಬಲಗಡೆ ಸೀಟಿನಲ್ಲಿ ಮೊಣಕಾಲೂರಿ
ತಲೆ ಹೊರಗೆ ಹಾಕಿ ಕೂಗಬೇಕು:
ಬಸ್ಸು! ತಡಿ. ತಡಿ. ಖಾಲಿ! ಹೋಗು ಬಾಪ!
ಬಾಪ ಒತ್ತುತ್ತಿದ್ದ.
ನಾನು ಹೇಳಿದ್ದು ನಿಜವೇ ಎಂದು
ಒಂದು ಸಲವೂ ಬಗ್ಗಿ ನೋಡಲಿಲ್ಲ.

ಇದನ್ನು ಯಾವ ಖಾನೆಯಲ್ಲಿ ಬರೆಯಬೇಕಿತ್ತೋ.
ಬಲಗಡೆ ಒಬ್ಬರನ್ನು ಕೂರಿಸಿಕೊಳ್ಳಿ ಎಂದೆ.
ಎಸಿ ಇದೆಯಾ, ಎಂದು ಕೇಳಿದರು.